ನಾವು ಹೆತ್ತ ಕೂಸು

ನನ್ನ ಗಂಡ ಬಸಿರಾದಾಗ ಅದರ ಕಷ್ಟವೆಲ್ಲ ನನಗೇ ಬಂತು. ನಗಬೇಡಿ. ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದವರು ಅವರೇ, ಅದೂ 'ನಾವು ಬಸಿರಾಗಿದ್ದೇವೆ' ಎಂಬ ಮಾತಿನಲ್ಲಿ. ಬೆಳಗ್ಗೆ ಎದ್ದು ಬಚ್ಚಲ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದವಳು ನಾನು. ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಯಾರಿಗೋ 'ನಮಗೆ ಒಂಚೂರು ವಾಂತಿ, ಅಷ್ಟೇ' ಎನ್ನುತ್ತಿದ್ದವರು ಅವರು. (ಆ 'ನಮಗೆ'ಯಲ್ಲಿ ಅವರ ಪಾಲು ಎಷ್ಟೆಂದು ಈವರೆಗೂ ಗೊತ್ತಾಗಿಲ್ಲ. ಬಚ್ಚಲು ತೊಳೆದವಳೂ ನಾನೇ.)

ಅವರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ 'ಮೊದಲಿನದು ವಾಸಿನಾ, ಇದು ವಾಸಿನಾ?' ಎಂದು ಕೇಳುವುದು ಅವರ ಕೆಲಸ. ಗಿರಾಕಿ ಏನು ಹೇಳಿದರೂ ಕೊನೆಗೆ ಅವರು ತಮಗೆ ತೋಚಿದ ನಂಬರನ್ನೇ ಬರೆಯುತ್ತಾರೆ. ಸಂಸಾರವನ್ನೂ ಹೀಗೇ ನಡೆಸಿಕೊಂಡು ಬಂದಿದ್ದಾರೆ.

ಒಂದು ದಿನ ಆ ಕೋಣೆಗೆ ಟೀಚರಮ್ಮ ಬಂದರು. ಬಸಿರಿಯರಿಗೂ ಅವರ ಗಂಡಂದಿರಿಗೂ ಸಹಜ ಹೆರಿಗೆಯ ಪಾಠ ಹೇಳುವವರು. ಔಷಧಿಯಿಲ್ಲ, ಇಂಜೆಕ್ಷನ್ ಇಲ್ಲ, ಬರೀ ಉಸಿರು ಮತ್ತು ಗಂಡ. ಇವರು ಅವರ ಕಣ್ಣು ನೋಡಲು ಹೋದರು, ಅವರು ಇವರ ಕಣ್ಣು ತೆರೆಸಿಬಿಟ್ಟರು. ಅಂದು ಮನೆಗೆ ಬಂದವರ ಮುಖದಲ್ಲಿ ಜ್ಞಾನೋದಯವಾದವರ ಕಳೆಯಿತ್ತು. ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿದರು:

"ನಾವು ಸಹಜವಾಗಿ ಹೆರೋಣ ಅಂತ ತೀರ್ಮಾನ ಮಾಡಿದ್ದೀವಿ."

"ಯಾರು ಯಾರು ಸೇರಿ ತೀರ್ಮಾನ ಮಾಡಿದ್ರಿ?" ಎಂದು ಕೇಳಿದೆ.

ಅದಕ್ಕೆ ಅವರು ಕೊಟ್ಟ ಉತ್ತರ ಉಪನ್ಯಾಸದಷ್ಟು ಉದ್ದವಿತ್ತು. ಹೆಣ್ಣಿನ ದೇಹಕ್ಕೆ ಎಲ್ಲ ಗೊತ್ತಂತೆ, ನಾವು ಅದರ ದಾರಿಗೆ ಅಡ್ಡ ಬರಬಾರದಂತೆ, ನೋವೆಂಬುದು ಮನಸ್ಸಿನ ಕಲ್ಪನೆಯಂತೆ. (ಇದೇ ಮನುಷ್ಯ ಹಲ್ಲು ಕೀಳಿಸುವಾಗ ಒಂದು ಇಂಜೆಕ್ಷನ್ ಸಾಲದೆಂದು ಹಟ ಹಿಡಿದು ಇನ್ನೊಂದು ಹಾಕಿಸಿಕೊಂಡಿದ್ದರು. ಆ ಕಲ್ಪನೆ ಬಹುಶಃ ದವಡೆಯ ಭಾಗದಲ್ಲಿ ಸ್ವಲ್ಪ ಗಟ್ಟಿಯಾಗಿರುತ್ತದೆ.) ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟರು. ತಮ್ಮ ಅಮ್ಮ ತಮ್ಮನ್ನೂ ಅಕ್ಕಂದಿರನ್ನೂ ಒಂದು ಮಾತ್ರೆ ಕೂಡ ನುಂಗದೆ ಹೆತ್ತಿದ್ದಾರೆ ಎಂದರು. ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

ಪಾಠ ನಡೆಯುತ್ತಿದ್ದದ್ದು ಸೈಕಲ್ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಟ್ಯೂಬಿಗೆ ಗಾಳಿ ತುಂಬುತ್ತಿದ್ದರು, ಮೇಲೆ ನಮಗೆ. ನೆಲದ ಮೇಲೆ ಚಾಪೆ ಹಾಸಿ, ಹೆಂಡತಿಯರು ಒರಗಿಕೊಂಡು, ಗಂಡಂದಿರು ಅವರ ಬೆನ್ನಿಗೆ ಗೋಡೆಯಾಗಿ ಕೂರಬೇಕು. ನಾನು ವಿದ್ಯುತ್ ಕಚೇರಿಯ ಬಿಲ್ ಕೌಂಟರಿನಲ್ಲಿ ದಿನವಿಡೀ ಕೂತು, ಜನ ಆ ಸಣ್ಣ ಕಿಂಡಿಯಲ್ಲಿ ತೂರಿಸುವ ಬಿಲ್ಲನ್ನೂ ಬೈಗುಳವನ್ನೂ ಸಮನಾಗಿ ಸ್ವೀಕರಿಸಿ, ಊದಿದ ಕಾಲನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದರೆ, ಟೀಚರಮ್ಮ ಮೆಲುದನಿಯಲ್ಲಿ 'ದೇಹವನ್ನು ಸಡಿಲ ಬಿಡಿ' ಎನ್ನುತ್ತಿದ್ದರು. ಕೈ ಸಡಿಲ, ಭುಜ ಸಡಿಲ, ದವಡೆ ಸಡಿಲ. ನಾಲಿಗೆಯನ್ನು ಮಾತ್ರ ಬಿಗಿಯಾಗಿ ಇಟ್ಟುಕೊಳ್ಳಬೇಕೆಂದು ನನ್ನ ಗಂಡ ತಮ್ಮ ಕಡೆಯಿಂದ ಸೇರಿಸಿದರು.

ಅಲ್ಲಿ 'ನೋವು' ಎಂಬ ಶಬ್ದಕ್ಕೆ ಪ್ರವೇಶವಿರಲಿಲ್ಲ. 'ಅಲೆ' ಎನ್ನಬೇಕು. ಅಲೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ನಾವು ತೇಲುತ್ತೇವೆ. (ನಾನು ಸಮುದ್ರಕ್ಕೆ ಇಳಿದದ್ದು ಜೀವಮಾನದಲ್ಲಿ ಒಂದೇ ಸಲ. ಅಲೆ ಬಂತು, ಚಪ್ಪಲಿ ಹೋಯಿತು.) ಅಲೆಯ ಅಭ್ಯಾಸಕ್ಕೆಂದು ಎಲ್ಲರ ಅಂಗೈಗೂ ಐಸ್ ತುಂಡು ಕೊಟ್ಟು ಮುಷ್ಟಿ ಬಿಗಿಯಲು ಹೇಳಿದರು. ಹೆಂಡತಿಯರೆಲ್ಲ ಕಣ್ಣು ಮುಚ್ಚಿ ಕೂತಿದ್ದಾಗ ಪಕ್ಕದಲ್ಲಿ ಟಪ್ ಎಂದು ಸದ್ದಾಯಿತು. ನಮ್ಮವರ ತುಂಡು ಚಾಪೆಯ ಮೇಲಿತ್ತು. ಅಂಗೈ ಒದ್ದೆಯಾಗಿ ಜಾರಿತು ಎಂದರು. ಐಸು ಒದ್ದೆಯಾಗಿರುತ್ತದೆಂದು ಅವರಿಗೆ ಮೊದಲೇ ಯಾರೂ ತಿಳಿಸಿರಲಿಲ್ಲವಂತೆ.

ಮನೆಯಲ್ಲೂ ತಾಲೀಮು ತಪ್ಪಲಿಲ್ಲ. ನಾನು ಒಲೆಯ ಮುಂದೆ ನಿಂತಿರುವಾಗ ಹಿಂದಿನಿಂದ ಬಂದು ಸೊಂಟದ ಮೇಲೆ ರಬ್ಬರ್ ಚೆಂಡು ಉರುಳಿಸುತ್ತಾ, 'ಇಲ್ಲಿ ವಾಸಿನಾ, ಅಲ್ಲಿ ವಾಸಿನಾ?' ಎಂದು ಕೇಳುತ್ತಿದ್ದರು. ಆ ಕೈಗೆ ಚೆಂಡಿನ ಬದಲು ಸೌಟು ಕೊಟ್ಟರೆ ನನಗೆ ಹೆಚ್ಚು ವಾಸಿ ಎಂದರೆ, ನನ್ನ ಮನಸ್ಸಿನಲ್ಲಿ ಪ್ರತಿರೋಧ ತುಂಬಿದೆ ಎಂದು ಮರುದಿನ ಟೀಚರಮ್ಮನಿಗೆ ವರದಿ ಹೋಗುತ್ತಿತ್ತು.

ನನಗೆ ಹೆದರಿಕೆಯಿತ್ತು. ತಮಾಷೆ ಪಕ್ಕಕ್ಕಿಟ್ಟು ಹೇಳುತ್ತಿದ್ದೇನೆ. ನನ್ನ ದೊಡ್ಡಕ್ಕ ಹೆರಿಗೆಯಲ್ಲಿ ಪಟ್ಟ ಪಾಡನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದವಳು ನಾನು. ಗಂಡನಿಗೆ ಅದನ್ನು ಹೇಳಿದೆ. ಅವರು ನನ್ನ ತಲೆ ಸವರಿ, ಅಕ್ಕನಿಗೆ ಉಸಿರಾಟ ಸರಿಯಾಗಿ ಕಲಿಸಿರಲಿಲ್ಲ ಅಂತ ಕಾಣುತ್ತೆ ಎಂದರು. ಅಂದೇ ನಾನು ಇವರ ಜೊತೆ ಮಾತಾಡಿ ಪ್ರಯೋಜನವಿಲ್ಲವೆಂದು ಬಾಯಿ ಮುಚ್ಚಿಕೊಂಡು ನನ್ನದೇ ಏರ್ಪಾಡಿಗೆ ಇಳಿದೆ.

ಕಚೇರಿಗೆ ಅರ್ಧ ದಿನ ರಜೆ ಹಾಕಿ ಡಾಕ್ಟರ್ ಹತ್ತಿರ ಒಬ್ಬಳೇ ಹೋದೆ. ಆಕೆ ಗಡಿಬಿಡಿಯ ಹೆಂಗಸು, ನಮ್ಮವರ 'ನಾವು' ಕೇಳಿ ಕೇಳಿ ಆಕೆಗೆ ಆಗಲೇ ಸಾಕಾಗಿತ್ತು. ನನಗೆ ಇಂಜೆಕ್ಷನ್ ಬೇಕು, ಇವರಿಗೆ ಗೊತ್ತಾಗಬಾರದು ಎಂದೆ. ಬೆನ್ನಿಗೆ ಕೊಡುವ ಇಂಜೆಕ್ಷನ್ ಇದೆ, ಸೊಂಟದ ಕೆಳಗಿನ ನೋವು ಬಹುಪಾಲು ತಗ್ಗುತ್ತದೆ, ಇವರನ್ನು ಆ ಹೊತ್ತಿಗೆ ಯಾವುದಾದರೂ ಕಾಗದಕ್ಕೆ ಸಹಿ ಮಾಡಲು ಹೊರಗೆ ಕಳಿಸಿದರಾಯಿತು ಎಂದು ಆಕೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಆದರೆ ಬೇಗ ಬಾ. ತೀರಾ ಕೊನೇ ಗಳಿಗೆಗೆ ಬಂದರೆ ಅದನ್ನ ಕೊಡೋಕೆ ಆಗಲ್ಲ."

ಹಗುರಾಗಿ ಮನೆಗೆ ಬಂದವಳನ್ನು ಅತ್ತೆ ಒಂದು ನೋಟಕ್ಕೇ ಹಿಡಿದರು. ಎಲ್ಲಿ ಹೋಗಿದ್ದೆ ಎಂದು ಕೇಳಿದರು. ಬೈಸಿಕೊಳ್ಳುವುದಾದರೆ ಇವತ್ತೇ ಬೈಸಿಕೊಳ್ಳೋಣವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ, ಮಗ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ನನ್ನ ಆಗ ಯಾರು ಕೇಳಿದ್ರು? ಸಿಕ್ಕಿದ್ದಿದ್ರೆ ಎರಡು ಹಾಕಿಸ್ಕೋತಿದ್ದೆ. ನಿನ್ನ ಗಂಡನ ತಲೆ ಎಷ್ಟು ದಪ್ಪ ಅಂತ ನೋಡಿದ್ದೀಯಲ್ಲ."

ಮದುವೆಯಾದಂದಿನಿಂದ ಅತ್ತೆ ಸೊಸೆ ಒಂದೇ ಕಡೆ ಕೂತು ನಕ್ಕದ್ದು ಅದೇ ಮೊದಲು.

ದಿನ ತುಂಬಲು ಇನ್ನೂ ಸಮಯವಿದೆಯೆಂದು ಅತ್ತೆ ಒಂದು ಭಾನುವಾರ ಬೆಳಗ್ಗೆ ತಂಗಿಯ ಮನೆಗೆ ಹೋದರು. ಅವರು ಬೀದಿ ತಿರುವು ದಾಟಿರಲಿಕ್ಕಿಲ್ಲ, ನನಗೆ ಸೊಂಟ ಹಿಡಿದುಕೊಂಡಿತು. ಗಂಡನ ಸಂಭ್ರಮ ಹೇಳತೀರದು. ಕಿಟಕಿಯ ಪರದೆ ಎಳೆದರು, ಚೆಂಡು ತಂದರು, ಹೊದಿಕೆ ಹಾಸಿದರು. ಆಸ್ಪತ್ರೆಗೆ ಹೊರಡೋಣ ಎಂದೆ. ಈಗಲೇ ಯಾಕೆ, ಇದು ಸಣ್ಣ ಅಲೆ ಎಂದರು. ಬೇಗ ಹೋದರೆ ಅಲ್ಲಿಯವರು ಚುಚ್ಚಿ ಕೆಡಿಸಿಬಿಡುತ್ತಾರೆ, ಆದಷ್ಟು ಹೊತ್ತು ಮನೆಯಲ್ಲೇ ಇರಬೇಕು ಅನ್ನುವುದೇ ಪಾಠದ ಸಾರವಂತೆ. ಚುಚ್ಚಿಸಿಕೊಳ್ಳಲಿಕ್ಕೇ ಹೊರಟಿದ್ದೇನೆಂದು ಹೇಳುವ ಹಾಗಿಲ್ಲ. ಹೊಟ್ಟೆಯೊಳಗೆ ಮಗು, ಗಂಟಲೊಳಗೆ ಗುಟ್ಟು, ಎರಡೂ ಹೊರಗೆ ಬರಲು ಒದ್ದಾಡುತ್ತಿದ್ದವು.

"ಈ ಅಲೆ ಜೋರಿತ್ತಾ, ಹಿಂದಿನದು ಜೋರಿತ್ತಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಎರಡೂ ಒಂದೇ ಎಂದರೆ ಒಪ್ಪುವವರಲ್ಲ, ಇನ್ನೊಮ್ಮೆ ನಿಧಾನವಾಗಿ ಯೋಚಿಸಿ ಹೇಳು ಎನ್ನುತ್ತಿದ್ದರು. ಆಮೇಲೆ ನನಗೆ ಯೋಚಿಸುವ ಶಕ್ತಿಯೂ ಉಳಿಯಲಿಲ್ಲ. ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಮಂಡಿಯೂರಿದ್ದೆ. ಕೊನೆಗೆ ಗುಟ್ಟೇ ಮೊದಲು ಹೊರಗೆ ಬಂತು.

"ನನಗೆ ಇಂಜೆಕ್ಷನ್ ಬೇಕು. ಡಾಕ್ಟರ್ ಹತ್ತಿರ ಮಾತಾಡಿ ಇಟ್ಟಿದ್ದೀನಿ. ಹೊತ್ತು ಮೀರಿದರೆ ಕೊಡಲ್ಲ. ಕರ್ಕೊಂಡು ಹೋಗಿ."

ಚೆಂಡು ಅವರ ಕೈಯಿಂದ ಉರುಳಿ ಮಂಚದಡಿ ಹೋಯಿತು. ಈಗಲಾದರೂ ಎದ್ದು ಓಡುತ್ತಾರೆಂದುಕೊಂಡೆ. ಅವರು ನನ್ನೆದುರಿಗೆ ನೆಲದ ಮೇಲೆ ಕೂತುಬಿಟ್ಟರು.

"ನನಗೆ ಹೇಳದೇನಾ?" ಎಂದರು.

"ಹೇಳಿದ್ರೆ ನೀವು ಕೇಳ್ತಿದ್ರಾ?"

"ಕೇಳೋದು ಬಿಡೋದು ಆಮೇಲಿನ ಮಾತು. ಗಂಡ ಹೆಂಡತಿ ಮಧ್ಯೆ ನಂಬಿಕೆ ಅಂತ ಒಂದು ಇರುತ್ತಲ್ಲ."

ನಾನು ನೋವಿನಲ್ಲಿ ಹೊರಳುತ್ತಿರುವಾಗ ನಮ್ಮ ದಾಂಪತ್ಯದಲ್ಲಿ ನಂಬಿಕೆ ಎಂಬ ವಿಷಯದ ಮೇಲೆ ಚರ್ಚೆ ಆರಂಭವಾಯಿತು. ನಾನು ಮೊದಲಿನಿಂದಲೂ ಹೀಗೇ ಅಂತೆ. ಪರದೆಯ ಬಟ್ಟೆ ಆರಿಸುವಾಗಲೂ ಅವರಿಗೆ ಹೇಳದೆ ಹಸಿರು ತಂದಿದ್ದೆನಂತೆ. ನಾನೂ ಸುಮ್ಮನಿರಬೇಕಿತ್ತು. ಇರಲಿಲ್ಲ. ಎರಡು ನೋವಿನ ನಡುವೆ ಉಸಿರು ಸಿಕ್ಕಾಗಲೆಲ್ಲ ಅದನ್ನು ಹಸಿರು ಪರದೆಯ ಸಮರ್ಥನೆಗೆ ಖರ್ಚು ಮಾಡಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಯಾಕೋ ಮನಸ್ಸು ತಡೆಯಲಿಲ್ಲವೆಂದು ಅತ್ತೆ ಊಟಕ್ಕೂ ನಿಲ್ಲದೆ ವಾಪಸು ಬಂದಿದ್ದರು. ನನ್ನನ್ನು ನೋಡಿದರು, ಮಗನನ್ನು ನೋಡಿದರು. ಬಂದ ಆಟೋವನ್ನು ಕೂಗಿ ನಿಲ್ಲಿಸಿ, ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಮಗನಿಗೆ ಹೇಳಿದ್ದು ಒಂದೇ ಮಾತು: "ನೀನು ಮುಂದೆ ಕೂತ್ಕೋ. ಬಾಯಿ ಬಿಡಬೇಡ."

ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನು ಪರೀಕ್ಷಿಸಿ ತಲೆಯಲ್ಲಾಡಿಸಿದರು. ಆ ತಲೆಯಾಟದ ಅರ್ಥ ನನಗೆ ತಕ್ಷಣ ಆಯಿತು. ನಾನು ಆಕೆಯ ಕೈ ಹಿಡಿದು ಬೇಡಿದೆ. ಮಾನ ಮರ್ಯಾದೆ ಬಿಟ್ಟು, ಕೌಂಟರ್ ಮುಚ್ಚಿದ ಮೇಲೆ ಬಿಲ್ ಕಟ್ಟಲು ಬಂದು ನನ್ನನ್ನು ಬೇಡುವವರ ಹಾಗೆ ಬೇಡಿದೆ. ಮಗುವಿನ ತಲೆ ಬಂದಾಗಿದೆ, ಇನ್ನು ಆಗುವುದಿಲ್ಲ ಎಂದರು. ಆಮೇಲಿನದನ್ನು ವರ್ಣಿಸಲಾರೆ. ಅಲೆ ಗಿಲೆ ಏನೂ ಇರಲಿಲ್ಲ. ನಾನು ಸಾಯುತ್ತಿದ್ದೇನೆ, ಇವರು ಪಕ್ಕದಲ್ಲಿ ನಿಂತು ಉಸಿರು ಎಣಿಸುತ್ತಿದ್ದಾರೆ ಎಂಬುದಷ್ಟೇ ನೆನಪು. ಕಲಿತ ಉಸಿರು ಒಂದೂ ನೆನಪಿಗೆ ಬರಲಿಲ್ಲ. ಮದುವೆಯಾದಂದಿನಿಂದ ನುಂಗಿಕೊಂಡಿದ್ದ ಬೈಗುಳ ಮಾತ್ರ ಒಂದೂ ಬಿಡದೆ ಬಂತು.

ಹೆಣ್ಣು ಮಗು. ಎದೆಯ ಮೇಲೆ ಮಲಗಿಸಿದರು, ಬೆಚ್ಚಗೆ, ಒದ್ದೆಯಾಗಿ, ಕೋಪದಿಂದ ಕೆಂಪಾಗಿ. ಒಂದು ಗಳಿಗೆ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಗಂಡ ಕಣ್ಣೊರೆಸಿಕೊಂಡು, ಫೋನು ಕಿವಿಗಿಟ್ಟು ಹೊರಗೆ ಹೋದರು. ಬಾಗಿಲ ಆಚೆಯಿಂದ ದನಿ ಕೇಳಿಸಿತು: "ಒಂದು ಮಾತ್ರೆ ಕೂಡ ಇಲ್ಲದೆ ಹೆತ್ವಿ ಟೀಚರ್." ಆ ಗಳಿಗೆ ಅಲ್ಲಿಗೆ ಮುಗಿಯಿತು.

ಅಂದಿನಿಂದ ಅವರಿಗೆ ಹೋದಲ್ಲೆಲ್ಲ ಸನ್ಮಾನ. ಕಣ್ಣು ತೋರಿಸಲು ಬಂದವರಿಗೆ ಕನ್ನಡಕದ ಜೊತೆ ಹೆರಿಗೆಯ ಕತೆ ಉಚಿತ. ನನಗೆ ಕೂರಲು ದಿಂಬು ಬೇಕು, ಅವರಿಗೆ ನಿಲ್ಲಲು ವೇದಿಕೆ ಸಿಕ್ಕಿತು. ಮಗುವಿಗೆ ಕುತ್ತಿಗೆ ನಿಂತ ಮೇಲೆ ಟೀಚರಮ್ಮ ನಮ್ಮನ್ನು ಹೊಸ ತರಗತಿಗೆ ಕರೆದರು. ಗಂಡ ಇಸ್ತ್ರಿ ಅಂಗಿ ಹಾಕಿಕೊಂಡರು. ನಾನೂ ಖುಷಿಯಿಂದಲೇ ಹೊರಟೆ, ಅತ್ತೆಗೆ ಮಾತ್ರ ಕಾರಣ ಹೇಳಿದ್ದೆ.

ಚಾಪೆಗಳ ಮೇಲೆ ಹೊಸ ಹೊಟ್ಟೆಗಳು, ಹೊಸ ಗಂಡಂದಿರು. ನಮ್ಮವರು ಮಾತಾಡಿ ಕೂತ ಮೇಲೆ ನಾನು ಎದ್ದೆ. ಇದ್ದದ್ದನ್ನೆಲ್ಲ ಹೇಳಿದೆ. ನನಗೆ ಇಂಜೆಕ್ಷನ್ ಬೇಕಿತ್ತು, ಗುಟ್ಟಾಗಿ ಏರ್ಪಾಡು ಮಾಡಿದ್ದೆ, ಈ ಮನುಷ್ಯನ ದೆಸೆಯಿಂದ ತಪ್ಪಿತು, ಪ್ರಾಣ ಹೋಗುವಷ್ಟು ನೋವಾಯಿತು, ಉಸಿರಾಟ ಯಾವ ಕೆಲಸಕ್ಕೂ ಬರಲಿಲ್ಲ, ನಿಮಗೆ ಬೇಕೆನಿಸಿದರೆ ನಾಚಿಕೊಳ್ಳದೆ ಹಾಕಿಸಿಕೊಳ್ಳಿ, ಬೇಡವೆನಿಸಿದರೆ ಅದನ್ನೂ ನೀವೇ ಹೇಳಿ, ಗಂಡನ ಬಾಯಲ್ಲಿ ಹೇಳಿಸಬೇಡಿ. ಹೇಳುತ್ತಾ ಕೈ ಎತ್ತಿ ನಮ್ಮವರ ಕಡೆ ತೋರಿಸಿದೆ. ಯಾರೋ ಫೋಟೋ ತೆಗೆದರು. ಗಂಡ ಚಾಪೆಯ ಅಂಚು ಕೀಳುತ್ತಿದ್ದರು.

ಟೀಚರಮ್ಮ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ತರಗತಿಯ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ ಹೇಳಿದರು: "ಕೇಳಿದ್ರಲ್ಲ? ಬೇಡ ಬೇಡ ಅಂದವರಿಗೇ ಇದು ಸಾಧ್ಯವಾಯ್ತು. ಮನಸ್ಸಿಟ್ಟು ಬಂದಿರೋ ನಿಮಗೆ ಎಷ್ಟು ಸುಲಭ, ಯೋಚಿಸಿ." ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಈಗ ಸೈಕಲ್ ಅಂಗಡಿಯ ಮೆಟ್ಟಿಲ ಬಳಿ ಟೀಚರಮ್ಮನ ತರಗತಿಯ ಒಂದು ದೊಡ್ಡ ಬೋರ್ಡು ನಿಂತಿದೆ. ಅದರಲ್ಲಿ ಬಾಯಿ ತೆರೆದು, ಕೈ ಎತ್ತಿ, ಕಣ್ಣರಳಿಸಿ ನಿಂತವಳು ನಾನೇ. ಗಂಡನನ್ನು ಬೈಯುತ್ತಿದ್ದೇನೆಂದು ಗೊತ್ತಿಲ್ಲದವರಿಗೆ ಪರಮಾನಂದದಲ್ಲಿ ಮುಳುಗಿದವಳ ಹಾಗೆ ಕಾಣುತ್ತೇನೆ. ಬಿಲ್ ಕಟ್ಟಲು ಬರುವ ಹೆಂಗಸರು ಕಿಂಡಿಯಲ್ಲಿ ಬಗ್ಗಿ ನನ್ನ ಗುರುತು ಹಿಡಿಯುತ್ತಾರೆ.

ಮೊನ್ನೆ ಹಾಗೆ ಬಂದವಳೊಬ್ಬಳಿಗೆ ತುಂಬಿದ ಹೊಟ್ಟೆ. ಚಿಕ್ಕ ವಯಸ್ಸು, ಕಣ್ಣಲ್ಲಿ ಹೆದರಿಕೆ. ಅವಳ ಬಿಲ್ಲನ್ನು ಬದಿಗಿಟ್ಟು, ಕಿಂಡಿಯ ಹತ್ತಿರ ಮುಖ ತಂದು, ಆದಷ್ಟು ಮೆಲ್ಲಗೆ ಹೇಳಿದೆ: "ನಿನಗೆ ಬೇಕು ಅನ್ನಿಸಿದ್ರೆ ಇಂಜೆಕ್ಷನ್ ತಗೋಮ್ಮ. ಯಾರಿಗೂ ಹೆದರಬೇಡ. ಬೇಗ ಹೋಗು."

ಅವಳ ಮುಖ ಅರಳಿತು. ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿ ನಕ್ಕಳು.

"ನೀವು ಹೀಗೇ ಹೇಳ್ತೀರಿ ಅಂತ ಟೀಚರ್ ಮೊದಲೇ ಹೇಳಿದ್ರು ಅಕ್ಕ. ನಮ್ಮ ಮನಸ್ಸು ಗಟ್ಟಿ ಇದೆಯಾ ಅಂತ ನೋಡೋಕೆ ನಿಮ್ಮನ್ನ ಇಲ್ಲಿ ಕೂರಿಸಿದ್ದಾರಂತೆ. ನಾವು ಪಾಸಾದ್ವಾ?"