ಗುಡ್ಡದ ದಾರಿಯ ಸದ್ದಿಲ್ಲದ ಬಸ್ಸಿಗೆ

ಮಾನ್ಯ ಹೈಬ್ರಿಡ್ ಬಸ್ಸಿನವರ ಸನ್ನಿಧಾನಕ್ಕೆ,

ನಾಗಸಾಕಿಯ ಗುಡ್ಡದ ಮೇಲೆ ಎಪ್ಪತ್ತೊಂದು ವರ್ಷದಿಂದ ವಾಸವಾಗಿರುವ ತಗಾವಾ ಮಿತ್ಸುಯೊ ಎಂಬ ನಾನು, ತಮ್ಮ ಡೀಸೆಲ್ ಇಂಜಿನ್ನಿನ ಹಾಗೂ ವಿದ್ಯುತ್ ಮೋಟಾರಿನ ಕ್ಷೇಮವನ್ನು ಬೇರೆಬೇರೆಯಾಗಿ ವಿಚಾರಿಸಿಕೊಂಡು, ಅತ್ಯಂತ ವಿನಯದಿಂದ ಈ ದೂರನ್ನು ಸಲ್ಲಿಸುತ್ತಿದ್ದೇನೆ.

ತಮಗಿಂತ ಮೊದಲು ಇದೇ ದಾರಿಯಲ್ಲಿದ್ದ, ತಮ್ಮದೇ ಮಾದರಿಯ ಬರೀ ಡೀಸೆಲ್ಲಿನ ಅಣ್ಣನವರು ಕೆಳಗಿನ ತಿರುವಿನಲ್ಲಿ ಗುಡುಗಿದರೆಂದರೆ, ಮಿಸೊ ಸಾರಿನ ಕೊನೆಯ ಗುಟುಕು ಕುಡಿದು, ಬೂಟು ಮೆಟ್ಟಿ, ಬೀಗ ಹಾಕಿ ನಿಲ್ದಾಣ ಸೇರುವಷ್ಟು ಸಮಯ ನಮಗೆ ಸಿಗುತ್ತಿತ್ತು. ತಾವೋ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೊರಟುಬಿಡುತ್ತೀರಿ. ನನ್ನ ಯಜಮಾನರು ಗೆಂಜೊ ಮೂವತ್ತೊಂದು ವರ್ಷ ಆ ಅಣ್ಣನವರನ್ನೇ ಓಡಿಸಿ ನಿವೃತ್ತರಾದವರು. ಈಗ ಅವರ ಕಣ್ಣು ಮಂಜಾಗಿದೆ, ಲೋಕವೆಲ್ಲ ಕಿವಿಯಲ್ಲಿದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆಂದು ಅವರ ಕೈಹಿಡಿದು ಮೊದಲ ಸಲ ತಮ್ಮೊಳಗೆ ಹತ್ತಿಸಿದೆ. ಮುಂದಿನ ನಿಲ್ದಾಣದಲ್ಲಿ ತಾವು ಇಂಧನ ಉಳಿಸುವ ಘನ ಉದ್ದೇಶದಿಂದ ಇಂಜಿನ್ನನ್ನು ತೆಪ್ಪಗಾಗಿಸಿದಿರಿ. ಯಜಮಾನರು ಎದ್ದುನಿಂತು, "ಇಂಜಿನ್ ನಿಂತೋಯ್ತು! ಗಟ್ಟಿಯಾಗಿರೋರೆಲ್ಲ ಇಳೀರಿ, ತಳ್ಳಬೇಕು!" ಎಂದು ಆಜ್ಞಾಪಿಸಿದರು. ಆ ದನಿಯ ಗತ್ತಿಗೆ ಅವರ ಹಿಂದೆ ನಾಲ್ವರು ಮುದುಕರು ಇಳಿದೇಬಿಟ್ಟರು. ಚಾಲಕಿ ಕುರಾತಾ ಎಂಬ ಹುಡುಗಿ, "ಅಜ್ಜಾ, ಕೆಟ್ಟಿಲ್ಲ, ಅದು ತಾನಾಗೇ ನಿಲ್ಲುತ್ತೆ, ಹತ್ಕೊಳ್ಳಿ!" ಎಂದು ಅಂಗಲಾಚಿದಳು. ಐವರೂ ಬಸ್ಸಿನವರಾದ ತಮ್ಮ ಬೆನ್ನಿಗೆ ಅಂಗೈ ಇಟ್ಟ ಕ್ಷಣದಲ್ಲೇ ತಮಗೇನನ್ನಿಸಿತೋ, ಗುರ್ರೆಂದು ಎಚ್ಚೆತ್ತಿರಿ. ಮುದುಕರು ತಮಗೆ ತಾವೇ ಚಪ್ಪಾಳೆ ಹೊಡೆದುಕೊಂಡರು. ತಮ್ಮ ಈ ಹಾಸ್ಯಪ್ರಜ್ಞೆಗೆ ಒಂದು ಪದಕ ಕೊಡಬೇಕೆಂದು ಶಿಫಾರಸು ಮಾಡುತ್ತೇನೆ.

ಸಂಜೆಯೊಳಗೆ ಗುಡ್ಡಕ್ಕೆ ಗುಡ್ಡವೇ ನಕ್ಕಿತು. ನಿಜ ಸಂಗತಿ ತಿಳಿದ ಯಜಮಾನರು ನಗಲಿಲ್ಲ. "ನನಗೆ ಬಸ್ಸೇ ಗೊತ್ತಾಗ್ಲಿಲ್ಲ ಕಣೇ," ಎಂದಷ್ಟೇ ಅಂದು ಗೋಡೆಗೆ ಮುಖ ಮಾಡಿ ಕುಳಿತರು. ಮೂರು ವಾರ ಆಸ್ಪತ್ರೆಯೂ ಇಲ್ಲ, ಗೆಳೆಯರೊಡನೆ ಕಪ್ಪು-ಬಿಳಿ ಕಲ್ಲಿನ ಗೋ ಆಟವೂ ಇಲ್ಲ. ಡಾಕ್ಟರು ಫೋನು ಮಾಡಿ, ಇನ್ನು ತಡಮಾಡಿದರೆ ಉಳಿದ ನೋಟವೂ ಹೋದೀತು ಎಂದರು. ನಾನು ಬೈದೆ, ಅತ್ತುಬಿಟ್ಟೆ, ತಮಗೂ ಶಾಪ ಹಾಕಿದೆ, ತಲುಪಿರಬಹುದು.

ಆಮೇಲೊಂದು ರಜೆಯ ದಿನ ಕುರಾತಾ ಅಕ್ಕಿ ಬಿಸ್ಕತ್ತಿನ ಡಬ್ಬ ಹಿಡಿದು ಮನೆಗೆ ಬಂದಳು. "ಗುರುಗಳೇ, ಇಳಿಜಾರಲ್ಲಿ ನಾನು ಬ್ರೇಕ್ ಹಾಕಿದ್ರೆ ಅಜ್ಜಿಯರು ತೂರಾಡ್ತಾರೆ. ನಿಮ್ಮ ಬಸ್ಸಲ್ಲಿ ಒಬ್ರೂ ಅಲ್ಲಾಡ್ತಿರಲಿಲ್ವಂತೆ. ಹೇಗೆ?" ಎಂದು ಕೇಳಿದಳು.

ಯಜಮಾನರು ಗೋಡೆಯಿಂದ ಇತ್ತ ತಿರುಗಿ, "ಮೇಲೆ ತೂಗೋ ಹಿಡಿಕೆಗಳು ಟಕಟಕ ಅಂತಾವಾ?" ಎಂದರು.

"ಅಂತಾವೆ."

"ಹಾಗಾದ್ರೆ ತಡವಾಗಿ ಹಾಕ್ತಿದೀಯ. ಬಾ, ಕೇಳಿಸ್ಕೊಂಡು ಹೇಳ್ತೀನಿ."

ಈಗ ಸೋಮವಾರ, ಗುರುವಾರ ಅವರು ಆಸ್ಪತ್ರೆಗೆ ಹೋಗುವುದು ಚಾಲಕಿಯ ಹಿಂದಿನ ಸೀಟಿನಲ್ಲಿ. ಬಸ್ಸು ಓಡುವಾಗ ಚಾಲಕಿಯೊಡನೆ ಮಾತಾಡುವಂತಿಲ್ಲವಷ್ಟೆ, ತಾವು ಸಿಗ್ನಲ್ಲಿನಲ್ಲಿ ನಿಂತು ಮೌನವಾದ ಕೂಡಲೇ ಪಾಠ ಶುರು. ಅಣ್ಣನವರು ನಿಂತಾಗಲೂ ಗೊಣಗುತ್ತಿದ್ದುದರಿಂದ ಈ ಭಾಗ್ಯ ಅಲ್ಲಿರಲಿಲ್ಲ. ಊಟಕ್ಕೆ ಕೂತರೆ ತಮ್ಮದೇ ವರ್ಣನೆ. "ಗುಡ್ಡ ಇಳಿಯುವಾಗ ಈ ಬಸ್ಸೂ ಹಾಡುತ್ತೆ ಕಣೇ, ಬಾಯಿ ಮುಚ್ಚಿಕೊಂಡು." ನಾನು ಮಾಡಿದ ಸಾರಿಗೆ ನಲವತ್ತೆಂಟು ವರ್ಷದಲ್ಲಿ ಇಷ್ಟು ಹೊಗಳಿಕೆ ಬಂದಿಲ್ಲ.

ಆದ್ದರಿಂದ, ಕದ್ದ ಗಂಡನನ್ನು ವಾರದ ಆ ಎರಡೂ ದಿನ ಸಕಾಲಕ್ಕೆ ಹಿಂತಿರುಗಿಸಬೇಕಾಗಿಯೂ, ನಮ್ಮ ತಿರುವಿಗೆ ಬಂದಾಗ ನನಗೊಬ್ಬಳಿಗೇ ಕೇಳುವಂತೆ ಒಮ್ಮೆ ಕೆಮ್ಮಬೇಕಾಗಿಯೂ ಪ್ರಾರ್ಥನೆ.

ಇಂತಿ, ತಮ್ಮ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಾರದ ವಿಶ್ವಾಸಿ,
ತಗಾವಾ ಮಿತ್ಸುಯೊ

ಮರೆತ ಮಾತು: ಚಾಲಕಿಯ ಹಿಂದಿನ ಸೀಟನ್ನು ನನ್ನ ಹೊಲಿಗೆ ಟೇಪಿನಿಂದ ಅಳೆದು ನೋಡಿದೆ. ನಾವಿಬ್ಬರೂ ಕೂರಲು ಒಂದು ಗೇಣು ಕಡಿಮೆ ಬೀಳುತ್ತದೆ. ಇಷ್ಟು ಬುದ್ಧಿವಂತರಾದ ತಮಗೆ ಅದೊಂದು ಹೊಳೆಯಲಿಲ್ಲವೇ?