ಚಪ್ಪಲಿ ಬಿಡಿಸುತ್ತಿದ್ದ ಲ್ಯಾಪ್‌ಟಾಪ್

ಬೇರೆಯವರ ಅಂಗಡಿಗೆ ಗಿರಾಕಿಗಳು ಬರ್ತಾರೆ, ಕೆಲಸ ಮುಗಿಸ್ಕೊಂಡು ಹೋಗ್ತಾರೆ. ನನ್ನ ಅಂಗಡೀಲಿ ಮಾತ್ರ ದಿನಾ ಒಂದಲ್ಲ ಒಂದು ಫಜೀತಿ ಆಗಲೇಬೇಕು. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದೀಲಿ, ನಮ್ಮನೆಯ ಮುಂದಿನ ಕೋಣೇಲೇ ನನ್ನ ಅಂಗಡಿ. ಲಗ್ನಪತ್ರಿಕೆ ಟೈಪ್ ಮಾಡೋದು, ಆನ್‌ಲೈನ್ ಅರ್ಜಿ ಹಾಕೋದು ನನ್ನ ಕಸುಬು. ಮೊನ್ನೆ ಮೊನ್ನೆ ನನ್ನ ಹಳೇ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ. ಅದರಲ್ಲಿ ಹೇಳೋಕೇನೈತೆ ಅಂತೀರಾ? ಆ ಲ್ಯಾಪ್‌ಟಾಪಿನೊಳಗೆ ನಮ್ಮತ್ತೆ ಇದ್ದರು.

೧. ನನಗಿಂತ ಜೋರು

ಆಗಿನ ಕಾಲದಲ್ಲಿ ಕಂಪ್ಯೂಟರ್ ಇರೋ ಕೋಣೆ ಅಂದ್ರೆ ದೇವರ ಕೋಣೆ ಇದ್ದಂಗೆ. ಚಪ್ಪಲಿ ಹಾಕ್ಕೊಂಡು ಒಳಗೆ ಬರೋ ಹಂಗೇ ಇರಲಿಲ್ಲ. ನಮಗೆ ಮೊದಲ ಮಷೀನು ಕೂರಿಸಿಕೊಟ್ಟವನು "ಧೂಳು ಹೋದ್ರೆ ಕೆಟ್ಟೋಗುತ್ತೆ ನೋಡ್ರಿ" ಅಂತ ಒಂದು ಮಾತು ಹೇಳಿ ಹೋದ. ನಮ್ಮತ್ತೆ ಅದನ್ನ ಸಾಯೋತನಕ ಮರೀಲಿಲ್ಲ. ಬಾಗಿಲ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು, ಬಂದೋರ ಮುಖ ನೋಡೋಕೆ ಮುಂಚೆ ಕಾಲು ನೋಡೋರು.

ಒಂದಿನ ನಮ್ಮನೆಯವರು ಈ ಲ್ಯಾಪ್‌ಟಾಪ್ ಹೊಸದಾಗಿ ತಂದು, ಮೈಕು ಸರಿಯಿದೆಯಾ ಅಂತ ನೋಡೋಕೆ ರೆಕಾರ್ಡಿಂಗ್ ಒತ್ತಿ "ಹಲೋ ಹಲೋ" ಅಂತ ಶುರು ಮಾಡಿದ್ರು. ಅಷ್ಟರಲ್ಲಿ ಯಾರೋ ಕೆಸರು ಕಾಲಲ್ಲಿ ಒಳಗೆ ಬಂದರು. ನಮ್ಮತ್ತೆ ಬಿಡ್ತಾರಾ?

"ಚಪ್ಪಲಿ ಹೊರಗ್ ಬಿಡ್ರಲೇ! ಇದೇನ್ ಸಂತೆ ಮಾಳ ಅನ್ಕಂಡ್ರೇನು?"

ಪೂರ್ತಿ ರೆಕಾರ್ಡ್ ಆಯ್ತು. ನಮ್ಮನೆಯವರಿಗೆ ತಮಾಷೆ ಜಾಸ್ತಿ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಬರೋ ಸದ್ದು ತೆಗೆದು, ಅದರ ಜಾಗಕ್ಕೆ ಅವರಮ್ಮನ ಕೂಗು ಹಾಕಿದ್ರು. ಮಾರನೇ ದಿನ ಬೆಳಗ್ಗೆ ಲ್ಯಾಪ್‌ಟಾಪ್ ಕಿರುಚಿದ್ದೇ ತಡ, ನಮ್ಮತ್ತೆ ಒಳಗಿಂದ ಸೌಟು ಹಿಡ್ಕೊಂಡೇ ಓಡಿ ಬಂದರು.

"ಯಾವಳೇ ಅವಳು, ನಮ್ಮನೇಲಿ ನನಗಿಂತ ಜೋರಾಗಿ ಬಾಯ್ ಮಾಡೋಳು?"

೨. ಕುರಿ ಬುದ್ಧಿ

ಆಗೆಲ್ಲ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡೋದೇ ನನಗೆ ದೊಡ್ಡ ವ್ಯಾಪಾರ. ತಾಳ್ಯದ ಕಡೆಯ ಒಬ್ಬ ಅಜ್ಜ ಬರೋರು, ನಮ್ಮತ್ತೇನ ಅಕ್ಕ ಅಂತ ಕರೆಯೋರು. ಹೆಗಲ ಮೇಲೆ ಕಂಬಳಿ, ಅಂಗಿ ಜೇಬಲ್ಲಿ ಬಟನ್ ಫೋನು, ಮನೇಲಿ ಕುರಿ ಹಿಂಡು.

"ಏನವ್ವ, ಈ ಫೋನು ಬಡ್ಕಂಡಿದ್ದೇ ಕೇಳ್ಸಲ್ಲ ಕಣವ್ವ. ಬಯಲಲ್ಲಿ ಗಾಳಿ, ಕುರಿ ಬ್ಯಾ ಅಂತವೆ. ಒಂದು ಜೋರಾಗಿರೋ ರಿಂಗ್‌ಟೋನ್ ಹಾಕ್ಕೊಡು."

ನಾನು ಒಂದೊಂದೇ ಕೇಳಿಸಿದೆ. ಭಕ್ತಿಗೀತೆ, ಡೊಳ್ಳು, ನಾದಸ್ವರ. ಅಜ್ಜ ಯಾವುದಕ್ಕೂ ತಲೆ ಆಡಿಸಲಿಲ್ಲ. ಅಷ್ಟರಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ಆಫ್ ಆಯ್ತು. ಮತ್ತೆ ಆನ್ ಮಾಡಿದೆ. ನಮ್ಮತ್ತೆ ಕೂಗಿದರು. ಅಜ್ಜ ಎದ್ದು ನಿಂತರು.

"ಇದು! ಇದನ್ನ ಹಾಕು. ಇದಕ್ಕಿಂತ ಜೋರು ಇನ್ಯಾವುದೈತೆ?"

ತಿಂಗಳಾದ ಮೇಲೆ ಅಜ್ಜ ನಗ್ತಾ ಬಂದರು. ಫೋನು ಬಂದ ತಕ್ಷಣ ಹಿಂಡಿನ ಕುರಿಗಳೆಲ್ಲ ಮೇಯೋದು ಬಿಟ್ಟು ಗಪ್ಪನೆ ನಿಂತ್ಕಳ್ತವಂತೆ. ಸ್ಟೂಲ್ ಮೇಲಿದ್ದ ನಮ್ಮತ್ತೆ ಅದನ್ನ ಕೇಳಿಸ್ಕೊಂಡರು. ನಾನು ಆಗಷ್ಟೇ ಹಿತ್ತಲಿಂದ ಚಪ್ಪಲೀಲೇ ಒಳಗೆ ಬಂದಿದ್ದೆ. ನನ್ನ ಕಾಲನ್ನ ಒಂದು ಸಲ ನೋಡಿ ಅಜ್ಜನ ಕಡೆ ತಿರುಗಿದರು.

"ಕುರಿಗಿರೋ ಬುದ್ಧಿ ನನ್ನ ಸೊಸೆಗೆ ಬರಲಿಲ್ಲ ನೋಡಪ್ಪ."

೩. ಸಾಹೇಬರ ಸಾಕ್ಸು

ನಮ್ಮತ್ತೆ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಕಾರ್ಯ ಎಲ್ಲ ಮುಗಿಸಿ ಅಂಗಡಿ ಬಾಗಿಲು ತೆಗೆದ ದಿನ ನನಗೆ ಈ ಸದ್ದಿನ ನೆನಪೇ ಇರಲಿಲ್ಲ. ಸ್ವಿಚ್ ಒತ್ತಿದೆ. "ಚಪ್ಪಲಿ ಹೊರಗ್ ಬಿಡ್ರಲೇ!" ಅಂದರು. ಖಾಲಿ ಸ್ಟೂಲ್ ನೋಡ್ಕೊಂಡು ಅತ್ತುಬಿಟ್ಟೆ. ಬದುಕಿದ್ದಾಗ ಅವರಿಗೂ ನನಗೂ ಒಂದು ದಿನ ಸರಿ ಹೋಗಿದ್ದಿಲ್ಲ, ಆದ್ರೂ ಅವತ್ತು ಸಂಕಟ ತಡೆಯೋಕಾಗಲಿಲ್ಲ. ಅವರ ಧ್ವನಿ ಅಂತ ಉಳಿದಿದ್ದು ಅದೊಂದೇ.

ಅಲ್ಲಿಂದ ದಿನಾ ಬೆಳಗ್ಗೆ ಬೈಸ್ಕೊಂಡೇ ನನ್ನ ಕೆಲಸ ಶುರು. ಒಂದಿನ ಯಾರೋ ಸಾಹೇಬರು ಬೂಟು ಹಾಕ್ಕೊಂಡು ಒಂದು ಅರ್ಜಿ ಹಾಕಿಸೋಕೆ ಬಂದರು. ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಆನ್ ಆಯ್ತು. ಅತ್ತೆ ಕೂಗಿದರು. ಸಾಹೇಬರು ಗಾಬರಿಯಾಗಿ ಹೊರಗೆ ಹೋಗಿ, ಬಗ್ಗಿ ಲೇಸ್ ಬಿಚ್ಚಿ, ಬೂಟು ಬಿಟ್ಟು ಬಂದು ಕೂತರು. ಅರ್ಜಿ ಅರ್ಧ ಆಗೋ ಹೊತ್ತಿಗೆ ಮಷೀನು ನಿಂತು ಹೋಯ್ತು. ಮತ್ತೆ ಆನ್ ಮಾಡಿದೆ. ಅತ್ತೆ ಮತ್ತೆ ಕೂಗಿದರು. ಸಾಹೇಬರು ಕಾಲು ನೋಡ್ಕೊಂಡು, ಒಳಬಾಗಿಲ ಕಡೆ ನೋಡಿ, ಮೆಲ್ಲಗೆ ಕೇಳಿದರು.

"ಅಮ್ಮ, ಸಾಕ್ಸೂ ಬಿಚ್ಚಬೇಕಾ?"

೪. ಡಾಕ್ಟರು ಏನಂದರು

ಈಚೆಗೆ ಸರ್ಕಾರದ ವೆಬ್‌ಸೈಟುಗಳು ನನ್ನ ಲ್ಯಾಪ್‌ಟಾಪಲ್ಲಿ ತೆರೀತಾನೇ ಇರಲಿಲ್ಲ. ಸಿಸ್ಟಮ್ ಹಳೇದಾಯ್ತು ಅಂತ ಬರೋದು. ಅರ್ಜಿ ಹಾಕಿಸೋರು ಎದುರಂಗಡಿಗೆ ಹೋಗೋಕೆ ಶುರು ಮಾಡಿದ್ರು. ಹೊಸದುರ್ಗದಲ್ಲಿ ನಿವೃತ್ತಿಯಾದ ಕಂಪ್ಯೂಟರ್ ಮೇಷ್ಟ್ರೊಬ್ಬರು ಮನೇಲೇ ರಿಪೇರಿ ಮಾಡ್ತಾರೆ ಅಂತ ಕೇಳಿ, ಲ್ಯಾಪ್‌ಟಾಪನ್ನ ಟವೆಲಲ್ಲಿ ಸುತ್ತಿ, ಮಡಿಲಲ್ಲಿಟ್ಕೊಂಡು ಬಸ್ ಹತ್ತಿದೆ. ಬಸ್ಸು ಎತ್ತಿ ಹಾಕಿದಾಗಲೆಲ್ಲ ಎದೆಗೆ ಅವಚ್ಕೊಳ್ತಿದ್ದೆ. ಕಂಡಕ್ಟರ್ ಟಿಕೆಟ್ ಕೊಡ್ತಾ ದನಿ ತಗ್ಗಿಸಿ "ಮಲಗೈತಾ? ಆಸ್ಪತ್ರೆಗಾ?" ಅಂದ. ನನಗೆ ನಗು ಬಂತು, ಸುಮ್ಮನೆ ತಲೆ ಆಡಿಸಿದೆ.

ಮೇಷ್ಟ್ರು ಮುಚ್ಚಳ ತೆಗೆದು, ಹಳೇ ನೆಂಟರನ್ನ ನೋಡಿದಂಗೆ ನೋಡಿದರು.

"ಇದಕ್ಕೆ ಹೊಸ ಸಿಸ್ಟಮ್ ಹಾಕಿದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತಮ್ಮ. ಏನೇನು ಉಳಿಸ್ಬೇಕು ಹೇಳ್ರಿ, ತೆಗೆದಿಡ್ತೀನಿ."

ಲಗ್ನಪತ್ರಿಕೆ, ಕನ್ನಡ ಅಕ್ಷರದ ಫಾಂಟು, ಫೋಟೋ ಎಲ್ಲ ಹೇಳಿದೆ. ಅತ್ತೆ ಕೂಗಿನ ಮಾತೂ ಬಾಯಿತನಕ ಬಂತು. ಇಲ್ಲಿ ಒಂದು ವಿಷಯ ಒಪ್ಕೊಳ್ಳಬೇಕು. ನನಗೆ ವರ್ಷದಿಂದ ಹಿಮ್ಮಡಿ ನೋವು. ಡಾಕ್ಟರು "ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕ್ರಿ" ಅಂದಿದ್ದರು. ಹಾಕ್ಕೊಂಡು ಅಂಗಡಿಗೆ ಬಂದು ಸ್ವಿಚ್ ಒತ್ತಿದ್ರೆ ಅತ್ತೆ ಕೂಗೋರು, ನಾನು ಬಿಟ್ಟುಬರ್ತಿದ್ದೆ. ಸತ್ತ ಮೇಲೂ ನನ್ನ ಕಾಲಿನ ಮೇಲೆ ಅವರ ಯಜಮಾನಿಕೆ. ಹೋದ್ರೆ ಹೋಗ್ಲಿ ಅಂತ ಹಟಕ್ಕೆ ಬಿದ್ದು ಬಾಯಿ ಮುಚ್ಕೊಂಡು ಕೂತೆ.

"ಕೆಲವೇ ನಿಮಿಷ" ಅಂತ ತೆರೆ ಮೇಲೆ ಬಂದಿದ್ದು ತಿಂಡಿ ಹೊತ್ತಿಗೆ. ಮೇಷ್ಟ್ರ ಹೆಂಡತಿ ನನಗೆ ಊಟ ಹಾಕಿ, ಕಾಫಿ ಕೊಟ್ಟು, ಅವರ ತಂಗಿ ಸಂಸಾರದ ಕಥೆ ಪೂರ್ತಿ ಹೇಳಿ ಮುಗಿಸಿದ ಮೇಲೆ ಅದು ಮುಗೀತು. ಸಂಜೆ ವಾಪಸ್ ಬರೋವಾಗ ಅದೇ ಬಸ್ಸು, ಅದೇ ಕಂಡಕ್ಟರ್.

"ಏನಂದ್ರವ್ವ ಡಾಕ್ಟ್ರು?"

ನಾನು ಬೇರೆ ಯಾವುದೋ ಯೋಚನೇಲಿದ್ದೆ. "ತಲೆಯೊಳಗಿರೋ ಹಳೇದೆಲ್ಲ ಅಳಿಸಿ ಹೊಸದು ಹಾಕಿದಾರೆ" ಅಂದೆ. ಪಾಪ, ಅವನು ಹೊಳಲ್ಕೆರೆ ಬರೋತನಕ ನಮ್ಮ ಸೀಟಿನ ಕಡೆ ತಲೆ ಹಾಕಲಿಲ್ಲ.

೫. ಮೆತ್ತನೆ ಚಪ್ಪಲಿ

ಮಾರನೇ ದಿನ ಸ್ವಿಚ್ ಒತ್ತಿದೆ. ಲ್ಯಾಪ್‌ಟಾಪ್ ಚಕ್ಕನೆ ಎದ್ದು, "ಟುಂಯ್" ಅಂತ ಒಂದು ಸಣ್ಣ ಸದ್ದು ಮಾಡ್ತು, ಅಷ್ಟೇ. ವೆಬ್‌ಸೈಟು ತೆರೀತು, ಅರ್ಜಿ ಹೋಯ್ತು. ನಾನು ಮೆತ್ತನೆ ಚಪ್ಪಲಿ ಹಾಕ್ಕೊಂಡು ಮಹಾರಾಣಿ ಹಂಗೆ ಕೂತೆ. ಗಿರಾಕಿಗಳು ಚಪ್ಪಲೀಲೇ ಬಂದರು. ಯಾರೂ ಯಾರನ್ನೂ ಬೈಯಲಿಲ್ಲ.

ಮೂರನೇ ದಿನಕ್ಕೆ ನನಗೆ ಹಿಡಿಸಲಿಲ್ಲ. ಕೋಣೆ ಬಿಕೋ ಅಂತಿತ್ತು. ನೆಲ ಗುಡಿಸಿದ್ರೆ ಮೊರದ ತುಂಬ ಮಣ್ಣು. ಬೇಕಾಗಿದ್ದೂ ಇದೇ ಅಲ್ವಾ ಅಂತ ನನಗೆ ನಾನೇ ಹೇಳ್ಕೊಂಡೆ, ಆದ್ರೂ ಬೆಳಗ್ಗೆ ಸ್ವಿಚ್ ಒತ್ತೋವಾಗ ಕಿವಿ ನಿಮಿರಿ ಕಾಯೋದು ನಿಲ್ಲಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ.

"ಆ ಫೈಲು ಹಳೇ ಸಿಸ್ಟಮ್ ಒಳಗೇ ಇತ್ತೇನೋ. ನೀವು ಹೇಳಲಿಲ್ಲವಲ್ಲಮ್ಮ. ಅದು ಹೋಯ್ತು."

ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರಿಗೆ ಹೇಳಿದೆ. ನನ್ನ ಹಟದ ವಿಷಯವನ್ನೂ ಮುಚ್ಚಿಡಲಿಲ್ಲ. ಬೈದಿದ್ರೆ ಚೆನ್ನಾಗಿರೋದು. ಅವರು ಮುದ್ದೆ ಮುರೀತಾ, ತಲೆ ಎತ್ತದೆ ಅಂದರು.

"ನಮ್ಮಮ್ಮನ್ನ ಮನೆಯಿಂದ ಹೊರಗೆ ಹಾಕ್ತೀನಿ ಅಂತ ಮದುವೆಯಾದ ವರ್ಷದಿಂದ ಅಂತಿದ್ದೆ. ಅಂತೂ ಹಾಕಿದೆ ಬಿಡು."

೬. ಅತ್ತೆಗೆ ಅಭ್ಯಾಸ ಐತೆ

ವಾರ ಕಳೀತು. ತಾಳ್ಯದ ಅಜ್ಜ ಎಷ್ಟೋ ಕಾಲದ ಮೇಲೆ ಬಂದರು, ಮೊಮ್ಮಗಳ ಲಗ್ನಪತ್ರಿಕೆ ಮಾಡಿಸೋಕೆ. ಹಳೇ ಅಭ್ಯಾಸದಂಗೆ ಚಪ್ಪಲಿ ಹೊರಗೆ ಬಿಟ್ಟೇ ಬಂದರು.

"ಬರ್ರಿ ಅಜ್ಜ, ಕುಂತ್ಕಳ್ರಿ" ಅಂದೆ.

ಹುಡುಗಿ ಹೆಸರು, ಹುಡುಗನ ಹೆಸರು ಬರ್ಕೊಳ್ತಿದ್ದೆ. ಅಜ್ಜನ ಅಂಗಿ ಜೇಬು ಕಿರುಚಿತು.

"ಚಪ್ಪಲಿ ಹೊರಗ್ ಬಿಡ್ರಲೇ! ಇದೇನ್ ಸಂತೆ ಮಾಳ ಅನ್ಕಂಡ್ರೇನು?"

ಪೆನ್ನು ಬಿಟ್ಟು ಎದ್ದೆ. ಅಜ್ಜನ ಫೋನಿಗೆ ಹಾಕಿಕೊಟ್ಟಿದ್ದವಳು ನಾನೇ, ನನಗೆ ಹೊಳೆದೇ ಇರಲಿಲ್ಲ ನೋಡಿ! ಅಜ್ಜ ಫೋನ್ ಎತ್ತೋಕೆ ಹೋದರು. "ಅಜ್ಜ, ಎತ್ತಬೇಡ್ರಿ! ಪೂರ್ತಿ ಕೂಗಲಿ!" ಅಂತ ಕೈ ಹಿಡ್ಕೊಂಡೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅಜ್ಜ ಪಾಪ, ನನಗೇನೋ ಆಯ್ತು ಅಂತ ಒಳಗೆ ನಮ್ಮನೆಯವರನ್ನ ಕೂಗಿದರು.

ಅಜ್ಜನ ಮೆಮೊರಿ ಕಾರ್ಡಿಂದ ಧ್ವನಿ ತೆಗೆದು ಮೊದಲು ಮೂರು ಕಡೆ ಉಳಿಸ್ಕೊಂಡೆ. ಆಮೇಲೆ ಮೇಷ್ಟ್ರಿಗೆ ಫೋನ್ ಹಚ್ಚಿದೆ.

"ಈ ಹೊಸ ಸಿಸ್ಟಮಲ್ಲಿ ಆನ್ ಆಗೋವಾಗಿನ ಸದ್ದು ಬದಲಾಯಿಸೋದು ಕಷ್ಟ ಕಣಮ್ಮ. ಬೇಕಾದ್ರೆ ತಪ್ಪು ಮಾಡಿದಾಗ ಬರೋ ಸದ್ದಿಗೆ ಹಾಕ್ಕೋಬಹುದು" ಅಂದರು.

"ಅಂದ್ರೆ ಸಾರ್, ನಾನು ತಪ್ಪು ಮಾಡಿದಾಗಲೆಲ್ಲ ನಮ್ಮತ್ತೆ ಕೂಗ್ತಾರಾ?"

"ಹೌದಮ್ಮ. ಪರವಾಗಿಲ್ವಾ?"

"ಹೇಳ್ಕೊಡಿ ಸಾರ್, ಹಾಕ್ತೀನಿ. ಅವರಿಗೆ ಅಭ್ಯಾಸ ಐತೆ."

ಎರಡು ದಿನ ಬಿಟ್ಟು ಅಜ್ಜ ಪತ್ರಿಕೆ ತಿದ್ದೋಕೆ ಬಂದರು. ಜೊತೆಗೆ ಬೀಗರ ಕಡೆಯವರು ನಾಲ್ಕು ಜನ. ಬಾಗಿಲಲ್ಲೇ ಎಲ್ಲರನ್ನೂ ನಿಲ್ಲಿಸಿ, "ಚಪ್ಪಲಿ ಇಲ್ಲೇ ಬಿಟ್ಟು ಹೋಗಾಣ, ಒಳಗೆ ನಮ್ಮಕ್ಕ ಅವಳೆ" ಅಂದರು. ಎಲ್ಲರೂ ಸಾಲಾಗಿ ಬಿಟ್ಟು ಬಂದು ಬೆಂಚಿನ ಮೇಲೆ ಕೂತರು. ಹುಡುಗನ ಸೋದರಮಾವನ ಹೆಸರು ಮೇಲೆ ಬರಬೇಕೋ ಕೆಳಗೆ ಬರಬೇಕೋ ಅಂತ ಚರ್ಚೆ ನಡೀತಿತ್ತು. ಆ ಗಲಾಟೇಲಿ ನಾನು ಯಾವುದೋ ಒತ್ತಬಾರದ್ದು ಒತ್ತಿದೆ.

"ಚಪ್ಪಲಿ ಹೊರಗ್ ಬಿಡ್ರಲೇ!"

ಸೋದರಮಾವನ ಚರ್ಚೆ ಅಲ್ಲಿಗೇ ಮುಗೀತು. ಐದೂ ಜನ ಬಗ್ಗಿ ತಮ್ಮ ತಮ್ಮ ಕಾಲು ನೋಡ್ಕೊಂಡರು. ಎಲ್ಲ ಬರಿಗಾಲು. ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಜ್ಜ ಮೆಲ್ಲಗೆ ಬಗ್ಗಿ, ನನ್ನ ಮೇಜಿನ ಕೆಳಗೆ ಇಣುಕಿದರು. ನಾನು ಕಾಲು ಹಿಂದಕ್ಕೆ ಎಳ್ಕೊಳ್ಳೋ ಅಷ್ಟರಲ್ಲಿ ಮೆತ್ತನೆ ಚಪ್ಪಲಿ ಎರಡೂ ಕಂಡುಹೋದವು.

ಡಾಕ್ಟರು, ಹಿಮ್ಮಡಿ ಅಂತ ಏನೋ ಗೊಣಗಿದೆ. ಎದ್ದೆ. ಐದು ಜನರ ಮುಂದೆ ನಡ್ಕೊಂಡು ಹೋಗಿ, ಬಾಗಿಲಾಚೆ ಅವರ ಚಪ್ಪಲಿ ಸಾಲಿನ ಕೊನೇಲಿ ನನ್ನವನ್ನೂ ಬಿಟ್ಟು, ಕುಂಟ್ಕೊಂಡು ವಾಪಸ್ ಬಂದು ಕೂತೆ.

ಅಜ್ಜ ಲ್ಯಾಪ್‌ಟಾಪ್ ಹತ್ತಿರ ಬಾಯಿ ತಂದು, ಕಿವಿ ಮಂದ ಇರೋರಿಗೆ ಹೇಳೋ ಹಂಗೆ ಜೋರಾಗಿ ಹೇಳಿದರು.

"ಯಕ್ಕಾ, ನಿನ್ನ ಸೊಸೆಗೆ ಕುರಿ ಬುದ್ಧಿ ಬಂತು ಕಣಕ್ಕಾ!"