ಬಲಗಾಲಿಯ ಬ್ರೇಕು

ಯಾತಕ್ಕೂ ಬಾರದ, ಆದರೂ ಹೊರಗೆ ಹಾಕಲು ಮನಸ್ಸಾಗದ ಒಂದು ವಸ್ತು ಎಲ್ಲರ ಮನೆಯಲ್ಲೂ ಇರುತ್ತದೆ. ಕೆಲವರಲ್ಲಿ ಅದು ಕೆಟ್ಟುಹೋದ ಹೊಲಿಗೆ ಯಂತ್ರ. ನಮ್ಮಲ್ಲಿ ವಿಮಾನ. ತೊಗರಿ ಚೀಲ ಇಡಬೇಕಾದ ತಗಡಿನ ಶೆಡ್ಡಿನಲ್ಲಿ ಅದು ನಿಂತಿದೆ. ಚೀಲಗಳು ಪಡಸಾಲೆಯಲ್ಲಿವೆ. ನಾವು ಅವನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತೇವೆ. ವಿಮಾನ ಕಟ್ಟಿದವರು ನನ್ನ ಯಜಮಾನರು. ಆಳಂದದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಮದುವೆಯ ಹೊಸದರಲ್ಲಿ ಗಾಣಗಾಪುರದ ಬಸ್ಸಿನಲ್ಲಿ ನಿಂತುಕೊಂಡೇ, "ಮುಂದಿನ ಸಲ ಹಾರ್ಕೋತ ಬರೋಣು" ಎಂದಿದ್ದರು. ಹೊಸ ಗಂಡಂದಿರು ಏನೇನೋ ಹೇಳುತ್ತಾರೆಂದು ನಾನು ತಲೆಯಾಡಿಸಿದೆ. ಇವರು ತಗಡು ತಂದರು.

ಹೋದ ವರ್ಷ ಎಡಗಾಲಿಗೆ ಬ್ರೇಕು ಕೂಡಿಸಿ, ಬಲಗಾಲಿಯದನ್ನು ಸಂತೆ ಮುಗಿಸಿ ಬಂದು ನೋಡೋಣವೆಂದು ಹೊರಟವರು, ಸಂತೆಯಲ್ಲೇ ಎದೆ ಹಿಡಿದುಕೊಂಡು ಕುಳಿತರಂತೆ. ಮತ್ತೆ ಏಳಲಿಲ್ಲ. ಒಂದೇ ಕಡೆ ಬ್ರೇಕಿದ್ದರೆ ವಿಮಾನ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಅವರ ಕೆಲಸ ಹಾಗೆ ಅರ್ಧಕ್ಕೆ ನಿಂತದ್ದನ್ನು ದಿನಾ ನೋಡಲಾಗದೆ ನಾನೇ ಬೋಲ್ಟು ಬಿಗಿಯುವ ಪಾನಾ ಹಿಡಿದೆ. ಓಣಿಯ ಸಿದ್ದಪ್ಪ ಬಾಗಿಲಲ್ಲಿ ನಿಂತು, "ಅಲ್ರೀ ವೈನಿ, ಹಾರೋ ಗಾಡಿಗಿ ಬ್ರೇಕ್ ಯಾಕ್ರಿ? ಮ್ಯಾಲ ಎಮ್ಮಿ ಅಡ್ಡ ಬರ್ತಾವೇನು?" ಎಂದ. "ಕೆಳಗ ಇಳದಾಗ ನೀ ಅಡ್ಡ ಬರ್ತಿ ನೋಡು, ಅದಕ್ಕ" ಎಂದೆ.

ಬೋಲ್ಟು ಬಿಗಿದೆ, ಬ್ರೇಕ್ ಎಣ್ಣೆ ಹಾಕಿದೆ. ಆದರೆ ಪೈಪಿನಲ್ಲಿ ಗಾಳಿ ಉಳಿದರೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕುಳಿತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಬಳಿ ಮಲಗಿ ತಿರುಪು ಸಡಿಲಿಸಬೇಕು. ಎಡಗಾಲಿಗೆ ಒತ್ತಿದವಳು ನಾನು. "ಒತ್ತು... ಹಿಡಿ... ಬಿಡು" ಎಂದು ಕೆಳಗಿನಿಂದ ದನಿ ಬರುತ್ತಿತ್ತು. ಬೇರೆ ಹೊತ್ತಿನಲ್ಲಿ ಅವರು ನನ್ನೊಡನೆ ಅಷ್ಟು ಮೆತ್ತಗೆ ಮಾತಾಡಿದ್ದು ಕಡಿಮೆ. ಈಗ ತಿರುಪು ನನ್ನ ಕೈಯಲ್ಲಿ, ಸೀಟು ಖಾಲಿ.

ಕೊನೆಗೆ ಅತ್ತೆಯನ್ನು ಕರೆದೆ. ಮಗನಿದ್ದಾಗ ಶೆಡ್ಡಿನ ಕಡೆ ಮುಖ ಹಾಕಿದವರಲ್ಲ. "ಹಾರಂಗಿಲ್ಲಂತ ಆಣಿ ಮಾಡು ಮೊದ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಹತ್ತಿದರು.

"ಹಾರಂಗಿಲ್ರಿ ಅತ್ತಿ. ಒತ್ರಿ. ಹಿಡೀರಿ. ಬಿಡ್ರಿ."

ಗುಳ್ಳೆಗಳು ಬಂದವು, ಕಡಿಮೆಯಾದವು, ನಿಂತವು. ಪೆಡಲ್ ಗಟ್ಟಿಯಾಯಿತು.

"ಆತೇನು?"

"ಆತ್ರಿ, ಇಳೀರಿ."

ಅವರು ಇಳಿಯಲಿಲ್ಲ. ಸೀಟಿನ ಬದಿಯ ತಗಡನ್ನು ಸವರುತ್ತ, "ಇದೆಲ್ಲಾ ಅವನೇ ಬಡದು ಮಾಡ್ಯಾನೇನು?" ಎಂದರು. ನಾನು ಹೌದೆಂದೆ. ಮತ್ತೆ ಪೆಡಲ್ ಮೇಲೆ ಕಾಲಿಟ್ಟು, "ಇನ್ನೊಮ್ಮಿ ಒತ್ತಲೇನು ಬೇ?" ಎಂದು ಕೇಳಿದರು.

ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು. ಇನ್ನೊಮ್ಮೆ ತಿರುಪು ಬಿಚ್ಚಿದರೆ ಪೈಪಿಗೆ ಮತ್ತೆ ಗಾಳಿ ಹೊಕ್ಕು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಇಷ್ಟು ತಿಳಿದ ಹೆಂಗಸು ಬೇಡವೆನ್ನಬೇಕಿತ್ತು. ನಾನು ಪಾನಾ ತೆಗೆದುಕೊಂಡು ಗಾಲಿಯ ಬಳಿ ಅಂಗಾತ ಮಲಗಿ, "ಒತ್ರಿ" ಎಂದೆ.

ನಾಳೆ ಆಳಂದಕ್ಕೆ ಹೋಗಿ ಎಣ್ಣೆ ತರಬೇಕು.